ಎಡಕ್ಕೆ ಬಿದ್ದ ಹೂವು

ಪೂಜಾರಜ್ಜನ ಬಲಗೈ ಉಗುರಿನ ಸಂದಿಗಳಲ್ಲಿ ಕುಂಕುಮ ಕೂತುಬಿಟ್ಟಿತ್ತು. ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ನಶ್ಯ ಏರಿಸುವುದು, ಆ ಕೈಯಲ್ಲೇ ನಮ್ಮ ತಲೆಗೆ ಮೊಟಕುವುದು. ವನಗೂರು ಕಡೆಯ ನಮ್ಮೂರಿನ ಅಮ್ಮನ ಗುಡಿಗೆ ಅವರೇ ಪೂಜಾರಿ. ಮದುವೆ, ಬೋರ್‌ವೆಲ್, ಕಳೆದುಹೋದ ದನ, ಏನೇ ಇರಲಿ, ಅಮ್ಮನ ಹಣೆಗೆ ಒದ್ದೆ ಹೂವು ಅಂಟಿಸಿ ಕೇಳುವುದು ನಮ್ಮಲ್ಲಿ ರೂಢಿ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ.

ನನಗೆ ಮೊದಲ ಸಲ ಓಟು ಬಂದಾಗ, ಯಾರಿಗೆ ಹಾಕಲಿ ಅಂತ ಹೂವು ಕೇಳಿಸಿ ಅಜ್ಜ ಎಂದೆ. ಮೊಟಕಿದರು. "ಮದ್ವೆಗೆ ಕೇಳು, ಮಳೆಗೆ ಕೇಳು. ಓಟಿಗೂ ಅಮ್ಮನ್ನೇ ಎಬ್ಬಿಸ್ಬೇಕಾ ಮಾರಾಯ್ತಿ? ನಿಂಗೆ ತಲೆ ಕೊಟ್ಟೋಳೂ ಅವ್ಳೇ ಅಲ್ವೇನೇ!" ಸಿಟ್ಟು ಬಂತು. ಓಟು ಮಾತ್ರ ಯೋಚನೆ ಮಾಡಿ ಹಾಕಿದೆ.

ಮುಂದಿನ ಚುನಾವಣೆಗೆ ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ, ಹುಡುಗರ ದಂಡು ಕಟ್ಟಿಕೊಂಡು ಗುಡಿಗೆ ಬಂದ. ಎಲ್ಲ ಹೊಸ ಓಟಿನವರು, ಹೆಗಲ ಮೇಲೆ ಪಕ್ಷದ ಶಾಲು. ತಮ್ಮ ಅಭ್ಯರ್ಥಿಗೆ ಅಮ್ಮನ ಅಪ್ಪಣೆ ಬೇಕು, ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಬೇಕು. ಅಜ್ಜ ಒಲ್ಲೆ ಎಂದರು. "ದೇವ್ರ ಮೇಲೆ ನಂಬ್ಕೆ ಇಲ್ವಾ ನಿಮ್ಗೆ?" ಎಂದ ಅಣ್ಣ. ಆ ಮಾತು ಅಜ್ಜನಿಗೆ ನಾಟಿತು. ಹೂವು ಅಂಟಿಸಿಯೇಬಿಟ್ಟರು.

ಎಡಕ್ಕೆ ಬಿತ್ತು. "ಇನ್ನೊಂದ್ಸಲ ಇಡಿ" ಎಂದರು ಹುಡುಗರು. ಮತ್ತೂ ಎಡಕ್ಕೇ.

"ಅಮ್ಮ ಬ್ಯಾಡ ಅಂದ್ಬುಟ್ಳು ಕಣ್ರಪ್ಪಾ. ನಾನೇನ್ ಮಾಡ್ಲಿ?"

ದೇವರೇ ಬೇಡ ಎಂದರೆ ಭಕ್ತರು ಏನು ಮಾಡಬೇಕು? ನಮ್ಮ ಭಕ್ತರು ಓಟು ಬದಲಿಸಲಿಲ್ಲ, ಪೂಜಾರಿಯನ್ನು ಬದಲಿಸಿದರು. ಅಜ್ಜ ಎದುರು ಪಕ್ಷದವರ ಕಾಸು ತಿಂದು ಹೂವನ್ನು ಓರೆಯಾಗಿ ಇಟ್ಟರಂತೆ! ಗುಡಿಯ ಬೀಗದ ಕೈ ಕಿತ್ತುಕೊಂಡರು. ಊರ ಹಿರಿಯರು ಕಾಫಿ ಕುಡಿಯುತ್ತ ನೋಡಿದರು, ಥೂ. ಹೊಸ ಪೂಜಾರಿಯ ಹೂವು ಬಲಕ್ಕಲ್ಲದೆ ಬೀಳುವುದೇ ಇಲ್ಲ.

ಅಜ್ಜ ದಿನಾ ಬೆಳಗ್ಗೆ ಮಿಂದು ಬಂದು ಗುಡಿಯ ಹೊರಗೆ ನಿಲ್ಲುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ. "ಅಮ್ಮಂಗೆ ಹಸಿವಾಗಿರ್ತೈತೆ, ಇನ್ನೂ ಎಡೆ ಇಟ್ಟಿಲ್ಲ ಮುಂಡೇವು" ಎಂದು ಗೊಣಗುತ್ತ ಮನೆಗೆ ಹೋಗುತ್ತಿದ್ದರು. ಬರಬರುತ್ತ ತಾವೂ ಊಟ ಬಿಟ್ಟರು. ಇನ್ನೊಂದು ಚುನಾವಣೆ ಹತ್ತಿರ ಬಂದಾಗ ತೀರಿಕೊಂಡರು.

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದೆವು. ಅದೇ ಹುಡುಗರು ಬಂದರು. ಅಣ್ಣ ತನ್ನ ಶಾಲು ತೆಗೆದು ಅಜ್ಜನಿಗೆ ಹೊದಿಸಿದ. "ಧರ್ಮಕ್ಕಾಗಿ ಬಾಳಿದ ಹಿರಿಯರು" ಎಂದ. ಮೊಬೈಲ್ ಎತ್ತಿದ. ಪಕ್ಕದಲ್ಲಿ ಅಳುತ್ತ ಕೂತಿದ್ದ ಅಜ್ಜನ ಹೆಂಡತಿಗೆ, "ಅಜ್ಜೀ, ಒಸಿ ಈ ಕಡೆ ನೋಡಿ ಕೈ ಮುಗೀರಿ" ಎಂದ. ಆ ಮುದುಕಿ ಕಣ್ಣೊರೆಸಿಕೊಂಡು, ಹೇಳಿದಂತೆ ಕೈ ಮುಗಿದರು.

ನಾನು ಶಾಲು ಕಿತ್ತು ಬಿಸಾಡಿದೆ.

"ಗಲಾಟೆ ಬ್ಯಾಡ ಕಣೇ," ಅಣ್ಣ ಪಿಸುಗುಟ್ಟಿದ. "ಫೋಟೊ ಆಗ್ಲೇ ಕಳ್ಸಾಯ್ತು."