ದಾರೀದಾ, ಅಡ್ಡದ್ದಾ?

ಹೊನ್ನಕ್ಕ ಯಾವ ಕೆಲಸ ಹೇಳಿದರೂ ತಕ್ಷಣ ಎದ್ದು ಹೋಗುವವಳಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು, ಆ ಕೆಲಸವೇ ಎದುರಿಗೆ ಬಂದು ನಿಂತಿದೆ ಎನ್ನುವ ಹಾಗೆ ದಿಟ್ಟಿಸಿ, "ನೀನು ದಾರೀದಾ, ಅಡ್ಡದ್ದಾ?" ಎಂದು ಕೇಳುತ್ತಿದ್ದಳು. ರಾಗಿ ಬೀಸುವುದು ಅಡ್ಡದ್ದು. ಹಪ್ಪಳ ಒತ್ತುವುದು ಅಡ್ಡದ್ದು. ಮದುವೆ ಮನೆಯ ಚಪ್ಪರದಡಿ ಕೂತು ಹರಟುವುದಂತೂ ಶುದ್ಧ ಅಡ್ಡದ್ದು. ಸೊಪ್ಪಿನ ಮಂಕರಿ ಹೊತ್ತು ದಂಡಿಗೆ ಹೋಗುವುದು ಮಾತ್ರ ದಾರೀದು. ದಾರಿಯದನ್ನು ಬೆಳಗ್ಗೆ ಮೈಯಲ್ಲಿ ಕಸುವಿರುವಾಗಲೇ ಮಾಡಿ ಮುಗಿಸುತ್ತಿದ್ದಳು. ಅಡ್ಡದ್ದನ್ನು ಬಿಟ್ಟುಬಿಡುತ್ತಿದ್ದಳೆಂದಲ್ಲ, ಅದೆಲ್ಲ ಸಂಜೆಗೆ, ಸುಸ್ತಾದ ಮೇಲೆ.

"ಯಾವ ದಾರಿ ಅಕ್ಕಾ? ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದೆ ಒಮ್ಮೆ.

"ಇನ್ನೂ ದೂರ ಐತೆ ಕಣಮ್ಮಿ. ಕಂಡಾಗ ಹೇಳ್ತೀನಿ" ಎಂದಳು.

ಹೀಗಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ, ನೀವೇ ಹೇಳಿ! ಮೊದಲೇ ನನ್ನದು ಅನುಮಾನದ ಬುದ್ಧಿ. ಇವತ್ತಿಗೂ ಹಾಲಿನವನ ಮುಂದೆಯೇ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಅವನು ಮುಖ ಸಿಂಡರಿಸಿದರೆ ಇನ್ನೊಮ್ಮೆ ಅದ್ದುತ್ತೇನೆ.

ಹೊನ್ನಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕೃಷ್ಣರಾಜಪುರದಿಂದ ಹಲಸೂರಿಗೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಅಷ್ಟರಲ್ಲಿ ಅವಳ ಗಂಡ ಪ್ಲೇಗಿಗೆ ಹೋಗಿದ್ದ. ಹುಟ್ಟಿದ ಒಂದೇ ಮಗುವೂ ಉಳಿದಿರಲಿಲ್ಲ. ಕೆರೆಯ ಪಕ್ಕದಲ್ಲಿ ನಮ್ಮ ಸೊಪ್ಪಿನ ತೋಟ. ಈಗ ಇಂದಿರಾನಗರ ಎನ್ನುವ ಕಡೆ ನಮ್ಮ ರಾಗಿ ಹೊಲ. ಕಂಟೋನ್ಮೆಂಟ್ ಎನ್ನುವ ಮಾತು ನಮ್ಮ ಬಾಯಿಗೆ ಬರುತ್ತಿರಲಿಲ್ಲ, ನಮಗೆ ಅದು ದಂಡು. ಮನೆಯಲ್ಲಿ ಅತ್ತೆಯದೇ ದರ್ಬಾರು. ಗಂಡಸರು ಹೊಲ, ಏತ ಎಂದು ಹೊರಗೇ ಇರುತ್ತಿದ್ದರು.

ಹೊನ್ನಕ್ಕನ ಒಂದೊಂದು ನಡತೆಯೂ ವಿಚಿತ್ರ. ಸೊಪ್ಪು ಕೊಯ್ಯುವ ಕುಡುಗೋಲನ್ನು ದಿನಾ ಬೆಳಗ್ಗೆ ಕುದಿಯುವ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದಳು. ಅಕ್ಕಿ ಬೇಯಿಸುವುದು ಕಂಡಿದ್ದೆ, ಕಬ್ಬಿಣ ಬೇಯಿಸುವುದು ಕಂಡಿರಲಿಲ್ಲ. ಅತ್ತೆ ನನ್ನನ್ನು ಮೂಲೆಗೆ ಎಳೆದು, "ಇವ್ಳು ಮಾಟ ಗೀಟ ಕಲೀತಾವ್ಳೆ ಅಂತೀನಿ. ಒಲೆ ಮುಂದೆ ನಿಂತಾಗ ತುಟಿ ಅಲ್ಲಾಡ್ತದಾ ನೋಡ್ಕೊ" ಎಂದರು. ನೋಡಿದೆ. ಅಲ್ಲಾಡುತ್ತಿತ್ತು!

ಇನ್ನೊಂದು, ಅವಳ ಮೈಯಿಂದ ಬರುತ್ತಿದ್ದ ವಾಸನೆ. ಮಂಕರಿ ಹೊತ್ತು ದಂಡಿಗೆ ಹೋದವಳು ಬಿಸಿಲೇರಿದ ಮೇಲೆ ಬರುತ್ತಿದ್ದಳು. ಬಂದಾಗ ಕೈಯೆಲ್ಲ ಕೆಂಪು ಸೋಪಿನ ಘಾಟು. ನಮ್ಮ ಮನೆಯಲ್ಲಿ ಸೀಗೆಪುಡಿ, ಕಡಲೆಹಿಟ್ಟು ಬಿಟ್ಟರೆ ಸೋಪು ಎಲ್ಲಿತ್ತು? ಆ ಘಾಟು ಹಲಸೂರಿನ ಎಲ್ಲ ಹೆಂಗಸರಿಗೂ ಗೊತ್ತು. ಲಾರಿಯಲ್ಲಿ ಹೋಗುವ ಬಿಳಿ ಸಿಪಾಯಿಗಳ, ಅದೇ ಸೋಜರುಗಳ, ಮೈಯಿಂದ ಬರುತ್ತಿದ್ದದ್ದು ಅದೇ. ಗಂಡ ಸತ್ತ ಹೆಂಗಸು, ಸೋಜರುಗಳ ಸೋಪು. ನನ್ನ ತಲೆಯಲ್ಲಿ ಏನೇನು ಓಡಿತೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆದರೂ ಶುಕ್ರವಾರ ಎಣ್ಣೆನೀರು ಹಾಕಿಕೊಂಡರೆ ನನ್ನ ಜಡೆ ಹೆಣೆಯುವವಳು ಅವಳೇ. ತಾಯಿಯಿಲ್ಲದೆ ಬೆಳೆದ ನನಗೆ ಆಗ ಮಂಡಿಯವರೆಗೆ ಕೂದಲು. ಅದನ್ನು ಆಳುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅವಳು ಹಿಂದೆ ಕೂತು, ಸಿಕ್ಕು ಬಿಡಿಸಿ, ಜಡೆಯ ಎಳೆಗಳನ್ನು ಎತ್ತಿ ಹಾಕುತ್ತಾ "ಒಣ್ಣು, ರೆಂಡು, ಮೂಣು" ಎಂದು ತಮಿಳಿನಲ್ಲಿ ಎಣಿಸುತ್ತಿದ್ದಳು. ಎಣಿಕೆ ಮುಗಿದರೆ "ತಲೆ, ಕಣ್ಣು, ವಯಿರು, ವಲಿ" ಎಂದು ಮೈಯ ಭಾಗಗಳ, ನೋವಿನ ಹೆಸರು. ಹಾಯೆನಿಸಿ ನಿದ್ದೆ ಬರುತ್ತಿತ್ತು. ಅಷ್ಟರಲ್ಲೇ ಅನುಮಾನ ಚುಚ್ಚುತ್ತಿತ್ತು. ಇವಳು ನನ್ನ ಜಡೆ ಹೆಣೆಯುತ್ತಿದ್ದಾಳೋ, ಇಲ್ಲ ನನ್ನ ತಲೆ ಹಿಡಿದುಕೊಂಡು ತಮಿಳು ಪಾಠ ಒಪ್ಪಿಸುತ್ತಿದ್ದಾಳೋ? ನಾನೂ ಇವಳಿಗೆ ದಾರೀದೇ ಇರಬೇಕು, ಅದಕ್ಕೇ ಇಷ್ಟು ಉಪಚಾರ ಎನಿಸಿ ದುಃಖವಾಗುತ್ತಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ತೋಟದ ಬೇಲಿಯ ಹತ್ತಿರ ಸೈಕಲ್ ನಿಂತಿತು. ಅಂತೋಣಿ ಎಂಬ ತಮಿಳು ಕಾಂಪೌಂಡರು, ತಲೆ ನರೆತವನು, ಆಗಾಗ ಸೊಪ್ಪು ಕೊಳ್ಳಲು ಬರುತ್ತಿದ್ದ. ಅತ್ತೆಯೂ ನಾನೂ ಅವರೆ ಚಪ್ಪರದ ಹಿಂದೆ ಇದ್ದೆವು. ಹೊನ್ನಕ್ಕ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನಾಳೈಕ್ಕು ವೇಳೆ ಇರ್ಕಾ?" ಎಂದು ಕೇಳಿದಳು.

"ಇರ್ಕು, ಇರ್ಕು. ಸೀಕ್ರಂ ವಾ" ಎಂದ ಅವನು. ಬೇಗ ಬಾ ಎಂದರ್ಥ. ಅಷ್ಟು ನನಗೂ ತಿಳಿಯುತ್ತಿತ್ತು.

ಅತ್ತೆಯ ಮುಖ ನೋಡಬೇಕಿತ್ತು! "ಕೇಳಿದ್ಯಾ? ನಾಳೆಗೆ ವೇಳೆ ಐತಾ ಅಂತಾಳೆ! ಯಾವ ವೇಳೆ ಕಣೇ ಅದು, ಯಾರ ಹತ್ರ ಹೋಗೋ ವೇಳೆ?" ನನ್ನ ತೋಳನ್ನು ಚಿವುಟಿ ಹಿಡಿದುಕೊಂಡೇ ಹೂ ಮಾರುವ ಕುಪ್ಪಮ್ಮನ ಮನೆಗೆ ಎಳೆದೊಯ್ದರು. ಕುಪ್ಪಮ್ಮ ಹುಟ್ಟಾ ತಮಿಳಿನವಳು. "ಏನೇ, ನಿಮ್ಮ ಭಾಷೇಲಿ ವೇಳೆ ಅಂದ್ರೆ ಏನು?" ಎಂದು ಅತ್ತೆ ನಾಲಿಗೆಯನ್ನು ಚೆನ್ನಾಗಿ ಮಡಚಿ ಕೇಳಿದರು.

"ವೇಳೆನಾ? ನಿಮ್ದೂ ಅದೇ ತಾನಮ್ಮಾ, ನಮ್ದೂ ಅದೇ. ಹೊತ್ತು, ಟೈಮು" ಎಂದಳು ಅವಳು ಹೂ ಕಟ್ಟುತ್ತಲೇ.

ಮುಗಿಯಿತು. "ನಾಳೆ ಕಣ್ಣಾರೆ ಹಿಡೀತೀನಿ. ಹಿಡಿದು ವರ್ತೂರಿಗೆ ಅಟ್ತೀನಿ" ಎಂದರು ಅತ್ತೆ. ವರ್ತೂರು ಅವಳ ತವರು. ಅಲ್ಲಿ ಅತ್ತಿಗೆಯ ಕೈಕೆಳಗೆ ಸಾಯುವವರೆಗೆ ಸಗಣಿ ಬಾಚುವುದೇ ಗತಿ. ಹೊನ್ನಕ್ಕನ ದಾರಿ ಎಲ್ಲಿಗಾದರೂ ಹೋಗುತ್ತಿರಲಿ, ವರ್ತೂರಿಗಂತೂ ಅಲ್ಲವೆಂದು ನನಗೆ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಅವಳು ಮುಂದೆ, ನಾವಿಬ್ಬರು ಸೆರಗು ಹೊದ್ದು ಹಿಂದೆ. ಈಗಿನ ಶಿವಾಜಿನಗರ, ಆಗಿನ ಬ್ಲಾಕ್‌ಪಳ್ಳಿ ದಾಟಿ ಬೆನ್ಸನ್ ಟೌನಿನ ಕಡೆ ತಿರುಗಿದಳು. ಅಲ್ಲಿ ಒಂದು ಸಣ್ಣ ಆಸ್ಪತ್ರೆಯ ಹಿತ್ತಿಲಿಗೆ ನುಗ್ಗಿದಳು. ಕಾಂಪೌಂಡಿನ ಗೋಡೆ ಗಿಡ್ಡ, ನಾವು ಇಣುಕಿದೆವು. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆ. ಹೊನ್ನಕ್ಕ ಸೀರೆ ಎತ್ತಿ ಕಟ್ಟಿ, ಕುದಿಯುವ ಬಟ್ಟೆಗಳನ್ನು ಕೋಲಿನಿಂದ ತಿರುವುತ್ತಿದ್ದಳು. ಪಕ್ಕದ ಇನ್ನೊಂದು ಪಾತ್ರೆಯಲ್ಲಿ ಕತ್ತರಿಗಳು ಬೇಯುತ್ತಿದ್ದವು. ಅಷ್ಟರಲ್ಲಿ ಬಿಳಿ ಬಟ್ಟೆಯ ನರ್ಸಮ್ಮ ಒಬ್ಬರು ಬಾಗಿಲಿಗೆ ಬಂದು ಕೂಗಿದರು. ಹೊನ್ನಕ್ಕ ಓಡಿ, ಕೆಂಪು ಸೋಪಿನಲ್ಲಿ ಮೊಣಕೈವರೆಗೆ ಕೈ ತೊಳೆದು, ಅವರ ಕೈಯಿಂದ ಆಗತಾನೇ ಹುಟ್ಟಿದ ಕೂಸನ್ನು ತೆಗೆದುಕೊಂಡಳು.

ನನಗೆ ಅಳು ಬಂತು. ಅತ್ತೆಗೆ ಸಿಟ್ಟು ಬಂತು. ಗೋಡೆ ಸುತ್ತಿ ಒಳಗೆ ನುಗ್ಗಿ, "ಏನೇ ಇದು? ಇದೇನಾ ನಿನ್ನ ವೇಳೆ?" ಎಂದರು.

ಅಂತೋಣಿ ಎಲ್ಲಿಂದಲೋ ಬಂದು ನಕ್ಕುಬಿಟ್ಟ. "ಅಯ್ಯೋ, ವೇಳೆ ಇಲ್ಲಮ್ಮಾ, ವೇಲೆ! ವೇಲೆ ಅಂದ್ರೆ ಕೆಲ್ಸ. ಎಷ್ಟ್ ಸಲ ಹೇಳಿದ್ರೂ ಇವ್ಳ ನಾಲ್ಗೆ ತಿರ್ಗಲ್ಲ."

ಒಂದು ಅಕ್ಷರ! ಅದೊಂದಕ್ಕಾಗಿ ಅವಳ ಮಾನ ಹಲಸೂರಿನ ಬೀದಿಯಲ್ಲಿ ಹರಾಜಾಗುವುದರಲ್ಲಿತ್ತು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ. ಅತ್ತೆಯನ್ನು ನಾನಿನ್ನೂ ಪೂರ್ತಿ ತಿಳಿದಿರಲಿಲ್ಲ.

"ಊರವರ ಹೆರಿಗೆ ಬಟ್ಟೆ ಒಗೆದ ಕೈಲಿ ನಮ್ಮನೇಲಿ ಮುದ್ದೆ ಕಟ್ತಿದ್ಯಾ? ಇದಕ್ಕಿಂತ ನಾನು ಅಂದ್ಕೊಂಡಿದ್ದೇ ನಿಜ ಆಗಿದ್ರೆ ವಾಸಿ ಇತ್ತಲ್ಲೇ!"

ಹೊನ್ನಕ್ಕ ಕೂಸನ್ನು ಎದೆಗೆ ಒತ್ತಿಕೊಂಡೇ ಹೇಳಿದಳು: "ಸೊಪ್ಪು ಕುಯ್ದ ಕುಡುಗೋಲಲ್ಲೇ ನನ್ ಮಗೀನ ಹೊಕ್ಕಳಬಳ್ಳಿ ಕುಯ್ದ್ರಿ ಅತ್ತೆ. ಆ ವಾರ ಮುಗಿಯೋಕೆ ಮುಂಚೆ ಸೆಟ್ಕೊಂಡು ಹೋಯ್ತು. ನಿಮಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಕಲೀತಾ ಇವ್ನಿ. ಇಲ್ಲಿಗೆ ಬರೋರೆಲ್ಲ ತಮಿಳಿನೋರು. ನೋವು ಎಲ್ಲಿ ಅಂತ ಕೇಳಕ್ಕಾದ್ರೂ ಭಾಷೆ ಬೇಕು ಅಂತ ಅದನ್ನೂ ಕಲೀತಾ ಇವ್ನಿ. ಇಲ್ಲೇ ಬಂದು ಇದ್ರೆ ಹೆರಿಗೆ ಕೋಣೆ ಕೆಲ್ಸಕ್ಕೆ ಸೇರಿಸ್ಕೊಂತಾರಂತೆ ನರ್ಸಮ್ಮ."

ಅತ್ತೆ ಸೆರಗು ಬಿಗಿದುಕೊಂಡರು. "ಇದ್ಕೋ ಹಂಗಾದ್ರೆ. ನಮ್ಮ ಹೊಸಿಲು ಮಾತ್ರ ತುಳೀಬೇಡ" ಎಂದು ತಿರುಗಿದರು. ದಾರಿಯುದ್ದಕ್ಕೂ ಮೂಗು ಒರೆಸಿಕೊಳ್ಳುತ್ತಿದ್ದರು. ಸಿಟ್ಟೋ, ಅಳುವೋ, ಹೇಳಲಾರೆ. ಅಂದಿನಿಂದ ಸಾಯುವವರೆಗೂ ಆ ಕುಡುಗೋಲನ್ನು ಅವರು ಕೈಯಲ್ಲಿ ಮುಟ್ಟಲಿಲ್ಲ.

ಮಾರನೆಯ ಬೆಳಗ್ಗೆ ಹೊನ್ನಕ್ಕ ತನ್ನ ಎರಡು ಸೀರೆ ಒಯ್ಯಲು ಬಂದಳು. ಹೊಸಿಲ ಒಳಗಿನಿಂದಲೇ ಗಂಟು ಕೊಟ್ಟೆ. ಬೀದಿಯಲ್ಲಿ ಜಟಕಾ ನಿಂತಿತ್ತು. ಬೆಳಗಿನ ಗಂಟೆ ಹೊಡೆಯುವ ಮುಂಚೆ ಹಾಜರಾಗದಿದ್ದರೆ ಬೇರೆಯವಳನ್ನು ಸೇರಿಸಿಕೊಳ್ಳುತ್ತೇನೆಂದು ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಅವಳು ಗಂಟು ತೆಗೆದುಕೊಂಡು ಮೆಟ್ಟಿಲಿಳಿದಳು. ತಿರುಗಿ ನೋಡಿದಳು. ಆ ದಿನ ಶುಕ್ರವಾರ. ನಾನು ತಲೆಗೆ ನೀರು ಹಾಕಿಕೊಂಡು, ಕೂದಲು ಕೆದರಿಕೊಂಡು ನಿಂತಿದ್ದೆ.

"ಬಾ ಇಲ್ಲಿ. ಕೂತ್ಕೊ" ಎಂದಳು.

ಜಗುಲಿಯ ಮೇಲೆ ಕೂತೆ. ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು. ಜಟಕಾದ ಸಾಬರು, "ಆತೇ ಕ್ಯಾ ನೈ ಅಮ್ಮಾ, ಬರ್ತೀರಾ ಇಲ್ವಾ? ಟೈಮ್ ಹೋಗ್ತದೆ!" ಎಂದು ಕೂಗಿದರು. ಅವಳು ಕೇಳಿಸದವಳಂತೆ ಇದ್ದಳು. ಹೆಣೆಯುವಾಗ ಒಣ್ಣು ರೆಂಡು ಇಲ್ಲ, ತಲೆ ಕಣ್ಣು ಇಲ್ಲ. ಬೆರಳುಗಳು ಮಾತ್ರ ನಿಧಾನವಾಗಿ ಓಡಾಡುತ್ತಿದ್ದವು. ಮತ್ತೆ ಅವಳನ್ನು ನಾನು ನೋಡಲಿಲ್ಲ. ಕೋಲಾರದ ಕಡೆ ಯಾವುದೋ ಆಸ್ಪತ್ರೆಗೆ ಹೋದಳೆಂದು ಅಂತೋಣಿ ಆಮೇಲೆ ಒಮ್ಮೆ ಹೇಳಿದ. ಆದರೆ ಆ ಬೆಳಗ್ಗೆ ನನಗೆ ಅದ್ಯಾವುದೂ ಗೊತ್ತಿರಲಿಲ್ಲ. ಇಷ್ಟು ದಿನ ಚುಚ್ಚುತ್ತಿದ್ದ ಆ ಒಂದು ಮಾತನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಇದು ದಾರೀದಾ, ಅಡ್ಡದ್ದಾ?"

ಅವಳು ಇನ್ನೊಂದು ಎಳೆ ಎತ್ತಿ ಹಾಕಿದಳು.

"ಅಡ್ಡದ್ದು ಕಣಮ್ಮಿ" ಎಂದಳು. "ಪೂರಾ ಅಡ್ಡದ್ದು. ತಲೆ ಅಲ್ಲಾಡಿಸ್ಬೇಡ."