ಕೌದಿಯ ನಾಲ್ಕನೆಯ ಮೂಲೆ

ತಾನು ಮಾಡುವ ಕೆಲಸವೇನೆಂದು ನೆಂಟರಿಗೆ ವಿವರಿಸುವುದನ್ನು ಗೋದಾವರಿ ಬಿಟ್ಟು ವರ್ಷಗಳಾಗಿದ್ದವು. “ಮಂದಿ ಮನ್ಯಾಗ ಬೂಷ್ಟು ಎಲ್ಲೆ ಅದ ಅಂತ ಹುಡುಕತೀನಿ” ಎಂದರೆ ಬಿಜಾಪುರದ ಅಕ್ಕತಂಗಿಯರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಉಪ್ಪಿನಕಾಯಿ ಜಾಡಿ ಇಣುಕಿ ನೋಡಲು ಸಂಬಳ ಕೊಟ್ಟು ಯಾರಾದರೂ ಆಳಿಡುತ್ತಾರೆಯೇ ಎಂಬುದು ಅವರ ಅನುಮಾನ. ನಾಸಿಕದಲ್ಲಿ ಇಡುತ್ತಾರೆ. ಅದೂ ಬಿ.ಎಸ್‌ಸಿ. ಓದಿದವಳನ್ನು, ಐವತ್ನಾಲ್ಕು ದಾಟಿದವಳನ್ನು, ಎರಡೂ ಮೊಣಕಾಲು ನೋಯುವವಳನ್ನು ಇಟ್ಟುಕೊಳ್ಳುತ್ತಾರೆ.

ಅವಳಿದ್ದ ಪ್ರಯೋಗಾಲಯ ಹುಟ್ಟಿದ್ದು ದ್ರಾಕ್ಷಿಯ ಸಲುವಾಗಿ. ಪಿಂಪಳಗಾಂವ್ ಬಸವಂತ್ ಕಡೆಯ ತೋಟಗಳ ದ್ರಾಕ್ಷಿ ಹಡಗು ಹತ್ತುವ ಮುಂಚೆ ಅದರಲ್ಲಿ ಔಷಧಿಯ ಅಂಶ ಎಷ್ಟು ಉಳಿದಿದೆ ಎಂದು ಅಲ್ಲಿ ನೋಡುತ್ತಿದ್ದರು. ಜನವರಿಯಿಂದ ಏಪ್ರಿಲ್‌ವರೆಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಮಳೆ ಹಿಡಿದರೆ ಎಲ್ಲರೂ ನೊಣ ಹೊಡೆಯುತ್ತ ಕೂರಬೇಕು. ಮಾಲೀಕ ಉತ್ಕರ್ಷ ಸಾಹೇಬನಿಗೆ ಅದು ಹೊಟ್ಟೆಯುರಿ. ಮಳೆಗಾಲದಲ್ಲಿ ಮನೆಗಳ ಬೂಷ್ಟು ಪರೀಕ್ಷೆ ಮಾಡೋಣ ಎಂದು ಅವನೇ ಯೋಚನೆ ತೆಗೆದ, ಪೇಪರಿನಲ್ಲಿ ಜಾಹೀರಾತು ಕೊಟ್ಟ. ಹೋಗಿ ಬರುವ ಕಾಲು ಮಾತ್ರ ಗೋದಾವರಿಯವು.

ಕೆಲಸ ನೋಡಲು ಬಹಳ ಸುಲಭ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೂಷ್ಟಿಗೆ ರುಚಿಸುವ ಗಟ್ಟಿ ಗಂಜಿ ತುಂಬಿರುತ್ತದೆ. ಕೋಣೆಗೊಂದರಂತೆ, ಹೋಲಿಕೆಗೆ ಅಂಗಳದಲ್ಲೂ ಒಂದು ಇಟ್ಟು, ಮುಚ್ಚಳ ತೆಗೆದು, ಒಂದು ತಾಸು ಸುಮ್ಮನೆ ಕಾಯಬೇಕು. ಗಾಳಿಯಲ್ಲಿದ್ದದ್ದು ತಾನಾಗಿ ಬಂದು ಅದರ ಮೇಲೆ ಕೂರುತ್ತದೆ. ಆಮೇಲೆ ಮುಚ್ಚಿ ತಂದು ಐದು ದಿನ ಬೆಚ್ಚಗಿಟ್ಟರೆ ಬೆಳೆದ ಚುಕ್ಕೆಗಳನ್ನು ಎಣಿಸಬಹುದು. ಆದರೆ ಆ ಒಂದು ತಾಸು ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ, ಊದಿನಕಡ್ಡಿ, ಒಗ್ಗರಣೆ ಯಾವುದೂ ಕೂಡದು. ಓಡಾಡುವ ಹಾಗೂ ಇಲ್ಲ. ಕೈ ಕಟ್ಟಿಹಾಕಿದರೆ ಮನುಷ್ಯರ ಬಾಯಿ ಬಿಚ್ಚುತ್ತದೆ. ಸಿನ್ನರಿನಿಂದ ಔರಂಗಾಬಾದಿನವರೆಗೆ ಎಷ್ಟು ಮನೆಗಳ ಜಗಳ, ಎಷ್ಟು ಸೊಸೆಯಂದಿರ ಕಣ್ಣೀರು ಆ ತಾಸಿನಲ್ಲಿ ಗೋದಾವರಿಯ ಕಿವಿಗೆ ಬಿದ್ದಿತ್ತೋ. ಕೇಳಿ ಕೇಳಿ ಅವಳಿಗೆ ಸುಸ್ತಾಗಿತ್ತು. ಬಸ್ಸಿನಲ್ಲಿ ತಟ್ಟೆಗಳ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗುವುದು ರೂಢಿಯಾಗಿಬಿಟ್ಟಿತ್ತು.

ಅವಳ ಸ್ವಂತ ಕಣ್ಣೀರು ಹಳೆಯದು. ಗಂಡ ಬಿಂದುಮಾಧವರಾಯರು ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಎರಡು ವರ್ಷದ ಮಗ ಹೃಷಿಕೇಶನಿಗೆ ಕ್ವಾರ್ಟರ್ಸಿನ ಥಂಡಿಗೆ ದಮ್ಮು ಹತ್ತಿತು. ಅತ್ತೆ ಬಂದು, “ಎರಡು ತಿಂಗಳು ನಮ್ಮ ಬಿಸಲಾಗ ಇರಲಿ” ಎಂದು ಎತ್ತಿಕೊಂಡು ಬಿಜಾಪುರಕ್ಕೆ ಹೋದರು. ಎರಡು ತಿಂಗಳು ಹನ್ನೊಂದು ವರ್ಷವಾಯಿತು. ಒಮ್ಮೆ ಶಾಲೆಯ ಪರೀಕ್ಷೆ, ಒಮ್ಮೆ ಮುಂಜಿವೆ, ಒಮ್ಮೆ ಅಜ್ಜಿಯ ಕಾಯಿಲೆ, ನೆವಗಳಿಗೇನು ಬರಗಾಲ? ಈಗ ಮಗ ಬೆಳಗಾವಿಯಲ್ಲಿ ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯವನೇ. ದೀಪಾವಳಿಗೆ ನಾಲ್ಕು ದಿನ ಬರುತ್ತಾನೆ, ಬೆಳಿಗ್ಗೆ ಎದ್ದು ತನ್ನ ಹಾಸಿಗೆಯನ್ನು ತಾನೇ ಮಡಚಿ, ಮೂಲೆಗೆ ಮೂಲೆ ಕೂಡಿಸಿ, ಬಂದ ಅತಿಥಿ ಇಡುವ ಹಾಗೆ ಒಂದು ಬದಿಗೆ ಇಡುತ್ತಾನೆ. 

ಎರಡು ಸಾವಿರದ ಹದಿಮೂರರ ಜುಲೈ ಕೊನೆಗೆ, ಪುಷ್ಯ ಮಳೆಯಲ್ಲಿ, ವಾಳೂಜಿನಿಂದ ಒಂದು ಫೋನ್ ಬಂತು. ಈಗ ಸಂಭಾಜಿನಗರವೆನ್ನುವ ಔರಂಗಾಬಾದಿನ ಹೊರಗೆ, ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಕಾಲೊನಿ. ರುಚಿತಾ ಎಂಬ ಹುಬ್ಬಳ್ಳಿಯ ಹುಡುಗಿ, ಗಂಡ ಪ್ರಜ್ವಲ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾಲ್ಕು ವರ್ಷದ ಮಗಳು ಗಗನಾ ತಿಂಗಳಿಂದ ಕೆಮ್ಮುತ್ತಿದ್ದಾಳೆ. ಗೋದಾವರಿ ಯೇವಲಾ, ವೈಜಾಪುರ ದಾಟಿ ಐದು ತಾಸು ಬಸ್ಸಿನಲ್ಲಿ ಕುಲುಕಿ ಅಲ್ಲಿಗೆ ಹೋದಾಗ ಬಾಗಿಲು ತೆಗೆದವಳು ಪ್ರಜ್ವಲನ ತಾಯಿ ಮಲ್ಲಮ್ಮ. ಗದಗಿನವಳು, ದೊಡ್ಡ ಮೈ, ದೊಡ್ಡ ಕುಂಕುಮ, ದೊಡ್ಡ ದನಿ.

ಮುಚ್ಚಳ ತೆಗೆದು ಕೂತಿದ್ದೇ ತಡ, ಮಾತು ಶುರುವಾಯಿತು.

“ಅಕ್ಕಾರ, ಈ ತಾಟ ಇಟ್ಟರ ಕೆಮ್ಮು ಹೋಕ್ಕೈತೇನ್ರಿ? ಮುಂಜಾನಿ ಫ್ರಿಜ್ಜಿನ ಹಾಲು, ಸಂಜಿಕ ಬಿಸ್ಕೀಟು. ತಾಯಿ ಒಂಬತ್ತಕ್ಕ ಆಫೀಸಿಗೆ ಹೋದ್ರ ಆರಕ್ಕ ಬರತಾಳ. ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ, ಹಂಗ ಇಕಿ ಮನಿಗೋಡಿ ಮ್ಯಾಲ ಹಾಕತಾಳ” ಎಂದಳು ಮಲ್ಲಮ್ಮ. “ಪಂಚಮಿಗೆ ಕೂಸಿನ್ನ ಗದಗಿಗೆ ಕರಕೊಂಡು ಹೊಂಟೇನಿ. ಅಲ್ಲೇ ಸಾಲಿಗೆ ಹಾಕತೀನಿ. ಮಗನೂ ಹೂಂ ಅಂದಾನ.”

ಅಂದು ರುಚಿತಾ ರಜೆ ಹಾಕಿ ಮನೆಯಲ್ಲೇ ಇದ್ದಳು. ಹೊರಗಿನ ತಟ್ಟೆ ತರಲು ಗೋದಾವರಿ ಅಂಗಳಕ್ಕೆ ಹೋದಾಗ ಹಿಂದೆಯೇ ಬಂದು, ಚಿಕ್ಕಮ್ಮನನ್ನು ಮರಾಠಿಯಲ್ಲಿ ಕರೆಯುವಂತೆ ‘ಕಾಕು’ ಎಂದಳು.

“ಕಾಕು, ಈ ಮನ್ಯಾಗ ಬುರ್ಶಿ, ಬೂಷ್ಟು ಅದ ಅಂತ ಬರದು ಕೊಡ್ರಿ. ಮನೀ ಬದಲಸ್ತೀವಿ. ಇಲ್ಲಾಂದ್ರ ನನ್ನ ಮಗಳನ್ನ ಒಯ್ತಾರ. ಪ್ಲೀಜ್.”

“ಇದ್ರ ಬರೀತೀನಿ” ಎಂದಳು ಗೋದಾವರಿ. ಮೂವತ್ತು ವರ್ಷದ ಹಿಂದೆ ತಾನೂ ಹೀಗೆಯೇ ಯಾರ ಹಿಂದಾದರೂ ಓಡಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಓಡಿರಲಿಲ್ಲ.

ಐದು ದಿನದ ಮೇಲೆ ತಟ್ಟೆಗಳನ್ನು ಬೆಳಕಿಗೆ ಹಿಡಿದಳು. ಹಾಲ್‌ನಲ್ಲಿ ಹನ್ನೊಂದು ಚುಕ್ಕೆ, ಅಡಿಗೆಮನೆಯಲ್ಲಿ ಒಂಬತ್ತು. ಅಂಗಳದ್ದು ಇಪ್ಪತ್ತೆರಡು, ಮಳೆಗಾಲಕ್ಕೆ ಅದು ಸಹಜ. ಗಗನಾಳ ದಿಂಬಿನ ಪಕ್ಕ ಇಟ್ಟಿದ್ದರಲ್ಲಿ ಮಾತ್ರ ಎಣಿಸಲು ಜಾಗವೇ ಇರಲಿಲ್ಲ. ಹಸಿರು, ಕಪ್ಪು, ಒಂದರ ಮೇಲೊಂದು. ಆದರೆ ತಟ್ಟೆ ಇಟ್ಟ ದಿನ ಆ ಕೋಣೆಯ ಗೋಡೆಗೆ ತೇವ ಅಳೆಯುವ ಯಂತ್ರ ಹಚ್ಚಿದಾಗ ಗೋಡೆ ಒಣಗಿಯೇ ಇತ್ತು. ಹಾಗಾದರೆ ಇದು ಎಲ್ಲಿಂದ ಬಂತು?

“ಬೆಡ್‌ರೂಮ್ ಅಂತ ಬರೆದು ಕಳಿಸಿಬಿಡಿ, ಕಾಕು” ಎಂದು ಉತ್ಕರ್ಷ ಮರಾಠಿಯಲ್ಲಿ ಹೇಳಿದ. ಬರೆದಿದ್ದರೆ ಆಗುತ್ತಿತ್ತು. ರುಚಿತಾ ಗೆಲ್ಲುತ್ತಿದ್ದಳು, ಮನೆ ಬದಲಿಸುತ್ತಿದ್ದಳು, ಹೊಸ ಮನೆಯಲ್ಲೂ ಮಗು ಕೆಮ್ಮುತ್ತಿತ್ತು, ಆಗ ಅಜ್ಜಿ ಎತ್ತಿಕೊಂಡು ನಡೆಯುತ್ತಿದ್ದಳು. ಗೋದಾವರಿ ಒಂದು ದಿನ ರಜೆ ಹಾಕಿ ತನ್ನ ಕೈಯಿಂದಲೇ ಟಿಕೆಟ್ ತೆಗೆಸಿ ಮತ್ತೆ ಬಸ್ಸು ಹತ್ತಿದಳು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಗೊಣಗಿದ ರಾಯರು ಅಂದು ತಾವೇ ಅನ್ನಕ್ಕಿಟ್ಟುಕೊಂಡರು.

ವಾಳೂಜಿಗೆ ಮುಟ್ಟಿದಾಗ ಮಧ್ಯಾಹ್ನ ಎರಡು. ಮಗ ಕಾರ್ಖಾನೆಗೆ, ಸೊಸೆ ಆಫೀಸಿಗೆ ಹೋಗಿದ್ದರು. ಗಗನಾ ಎದುರುಮನೆಯ ಹುಡುಗಿಯ ಜೊತೆ ಆಟಕ್ಕೆ ಹೋಗಿದ್ದಳು. ಮಲ್ಲಮ್ಮ ನೀರು ಕೊಟ್ಟು ಗೋದಾವರಿಯ ಮುಖ ನೋಡಿದಳು.

“ಮಾರಿ ಪೂರಾ ಬಾಡೇತಿ. ತಾಟ ಎಲ್ಲಿಗೆ ಓಡಿ ಹೋಕ್ಕಾವು? ಮೊದಲ ಅರ್ಧಾ ತಾಸ ಅಡ್ಡಾಗ್ರಿ.” ಬೇಡವೆನ್ನಲು ಬಿಡದೆ, ಮೊಮ್ಮಗಳ ಹಾಸಿಗೆಯ ಮೇಲೆಯೇ ಮಲಗಿಸಿ, ಮೇಲೊಂದು ಕೌದಿ ಹೊದಿಸಿದಳು. ತನ್ನ ಹಳೆಯ ಇಳಕಲ್ ಸೀರೆಗಳನ್ನು ಹರಿದು, ಪದರದ ಮೇಲೆ ಪದರ ಇಟ್ಟು, ಗೆರೆ ತಪ್ಪದೆ ಕೈಹೊಲಿಗೆ ಹಾಕಿದ ಕೌದಿ. “ಮೃಗಶಿರ ಮಳಿಗೆ ಬಂದಾಗ ತಂದಿದ್ದು. ಇದ ಇಲ್ಲದ ಕೂಸಿಗೆ ನಿದ್ದಿ ಬರಂಗಿಲ್ಲ. ಮೂಲಿ ಬಾಯಾಗ ಇಟಗೊಂಡs ಮಲಗತೈತಿ.”

ಗೋದಾವರಿ ನಿಜವಾಗಿಯೂ ದಣಿದಿದ್ದಳು. ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡಳು, ಕಣ್ಣು ಮುಚ್ಚಿದವು. ಎಷ್ಟು ಹೊತ್ತಾಯಿತೋ, ಮೂಗಿಗೆ ಒಂದು ವಾಸನೆ ಬಡಿದು ಎಚ್ಚರವಾಯಿತು. ಹಬ್ಬ ಮುಗಿದು ಮೂರು ದಿನ ಡಬ್ಬಿಯಲ್ಲಿ ಮರೆತ ಹೋಳಿಗೆಯ ವಾಸನೆ. ಗಲ್ಲದ ಕೆಳಗಿದ್ದ ಮೂಲೆಯನ್ನು ಬೆರಳಿನಿಂದ ಒತ್ತಿದಳು. ಉಳಿದ ಮೂರು ಮೂಲೆ ಮೆತ್ತಗಿದ್ದವು, ಇದೊಂದು ದಪ್ಪ, ಒಳಗೆ ಹಸಿಹಸಿ.

ಅವಳಿಗೆ ತಿಳಿದುಹೋಯಿತು. ತಿಳಿಯದೆ ಏನು, ಅವಳ ತಾಯಿಯೂ ಅದನ್ನೇ ಮಾಡುತ್ತಿದ್ದಳು. ಕೌದಿಯ ಕೊನೆಯ ಮೂಲೆ ಹೊಲಿದು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುವುದು ಕಡೆಯ ಶಾಸ್ತ್ರ. ಕೌದಿ ಹಸಿದಿರಬಾರದು, ಹೊದ್ದವರ ಹೊಟ್ಟೆಯೂ ಹಸಿಯಬಾರದು. ಹೃಷಿಕೇಶನಿಗೆ ಎರಡು ವರ್ಷ ತುಂಬಿದಾಗ ಅವನಿಗೂ ಒಂದು ಕೌದಿ ಹೊಲಿದು ಕೊಟ್ಟಿದ್ದಳು ತಾಯಿ. ಬಿಜಾಪುರದ ಸೆಕೆಗೆ ಕೌದಿ ಯಾಕೆ ಎಂದು ಅತ್ತೆ ಅದನ್ನು ಬಿಟ್ಟು ಮಗುವನ್ನಷ್ಟೇ ಒಯ್ದಿದ್ದರು. ಅದು ಯಾರೂ ಹೊದೆಯದೆ ಟ್ರಂಕಿನಲ್ಲಿ ಹಾಗೇ ಉಳಿದಿತ್ತು.

“ಅವ್ವಾರ, ಇದರ ಹೊಟ್ಟ್ಯಾಗ ಏನು ಇಟ್ಟೀರಿ?” ಎಂದು ಕೇಳಿದಳು.

“ಎಲ್ಲಾರೂ ರೊಟ್ಟಿ ಚೂರ ಇಡತಾರ. ನನ್ನ ಮೊಮ್ಮಗಳಿಗೆ ಅಂತ ನಾ ಬೆಲ್ಲದ ಹೋಳಿಗಿ ಇಟ್ಟೇನಿ. ಅರ್ಧಾ ಹೋಳಿಗಿ.” ಮಲ್ಲಮ್ಮನ ದನಿಯಲ್ಲಿ ಹೆಮ್ಮೆ ಇತ್ತು.

“ಹಾಸಿಗ್ಯಾಗ ಉಚ್ಚಿ ಹೊಯ್ದರ ಒಗೀತೀರಿ?”

“ದಿನ ಬಿಟ್ಟು ದಿನ. ಮಳ್ಯಾಗ ಎಲ್ಲಿ ಬಿಸಲು? ಫ್ಯಾನಿನ ಬುಡಕ ಹರವತೀನಿ.”

“ಕೆಮ್ಮು ಯಾವಾಗ ಹತ್ತಿತು?”

“ಆರಿದ್ರ ಮಳಿ ಕಡೀಕ. ಕೌದಿ ತಂದು ಇಪ್ಪತ್ತು ದಿನಕ್ಕ” ಎಂದ ಮಲ್ಲಮ್ಮ ಅಲ್ಲಿಗೇ ನಿಂತಳು. ದಡ್ಡಿಯಲ್ಲ. ಒಳಗೆ ಹೋಗಿ ಕತ್ತರಿ ತಂದು ತಾನೇ ಆ ಮೂಲೆಯ ಹೊಲಿಗೆ ಬಿಚ್ಚಿದಳು. ಹಸಿರು ಕಪ್ಪು ಹಿಟ್ಟು ಅವಳ ಅಂಗೈಗೆ ಉದುರಿತು.  ಆ ದೊಡ್ಡ ಮೈ ಅಷ್ಟರಲ್ಲೇ ಇಳಿದುಹೋದಂತೆ ಕಂಡಿತು.

“ಹಸದಿರಬಾರದಂತ ಇಟ್ಟಿದ್ನೆಲ್ರಿ” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಇದನ್ನ ಕಾಗದದಾಗ ಬರೀತೀರೇನು?”

“ಬರೀಬೇಕಾಗ್ತದರಿ.”

“ಮಗ ಓದತಾನ, ಸೊಸಿ ಓದತಾಳ. ಎರಡು ತಿಂಗಳಿಂದ ಆಕಿಗೆ ಬಾಯಿಗೆ ಬಂದಂಗ ಅಂದೇನಿ.” ಮಲ್ಲಮ್ಮ ಕಣ್ಣೊರೆಸಿಕೊಳ್ಳಲಿಲ್ಲ, ಕೈಗೆ ಬೂಷ್ಟು ಹತ್ತಿತ್ತು. “ಬರೀಬ್ಯಾಡ್ರಿ. ನಾನs ಹೇಳತೀನಿ.”

ಗೋದಾವರಿ ಇದನ್ನು ನಂಬಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ಆದರೆ ತಪ್ಪು ನನ್ನದು ಎಂದು ಅತ್ತೆ ಸೊಸೆಗೆ ಹೇಳುವ ಕಾಲವನ್ನು ಅವಳು ಯಾವ ಮನೆಯಲ್ಲೂ ಕಂಡಿರಲಿಲ್ಲ. ತನ್ನ ಅತ್ತೆ ಸಾಯುವಾಗ ಮೂರು ದಿನ ಪಕ್ಕದಲ್ಲಿ ಕೂತಿದ್ದಳು. ನೀರು ಕೇಳಿದರು, ತುಳಸಿ ಕೇಳಿದರು, ಬೇರೆ ಏನೂ ಹೇಳಲಿಲ್ಲ.

“ನನ್ನ ಮಗನ್ನೂ ಹಿಂಗs ಒಯ್ದಿದ್ರು ಅವ್ವಾರ, ಎರಡು ತಿಂಗಳಿಗಂತ” ಎಂದಳು ಗೋದಾವರಿ. “ಮೂವತ್ತೆರಡು ವರ್ಷದಾವ ಆಗ್ಯಾನ. ಇನ್ನೂ ಬಂದಿಲ್ಲ.” ಇಷ್ಟನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ಯಾಕೆ ಹೇಳಿದೆನೋ ಎಂದು ನಾಚಿಕೆಯಾಗಿ ಡಬ್ಬಿ ಎತ್ತಿಕೊಂಡಳು.

ವರದಿಯಲ್ಲಿ ಬೂಷ್ಟಿನ ಮೂಲ ಎಂಬಲ್ಲಿ “ಒಣಗದ ಹಾಸಿಗೆ, ಹೊದಿಕೆ” ಎಂದು ಬರೆದಳು. ಮನೆಯ ತಪ್ಪಿಲ್ಲ ಎಂದೂ ಬರೆದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೊದಿಕೆ ಒಣಗಿಸದಿದ್ದದ್ದೂ ಸೊಸೆಯ ತಪ್ಪೇ ಎಂದು ಮಲ್ಲಮ್ಮ ಒಂದು ಮಾತು ತಿರುಗಿಸಿದರೆ ಸಾಕು, ಮಗು ಗದಗಿಗೆ ಹೊರಟಿತು. ಪಂಚಮಿಗೆ ಎಂಟು ದಿನವಿತ್ತು. ಆ ಎಂಟು ದಿನವೂ ಗೋದಾವರಿ ತನ್ನನ್ನು ತಾನೇ ಬೈದುಕೊಂಡಳು.

ಪಂಚಮಿಯ ದಿನ ಮಧ್ಯಾಹ್ನ ರುಚಿತಾಳ ಫೋನ್ ಬಂತು.

“ಕಾಕು, ಅತ್ತಿಯವರು ಮುಂಜಾನೆ ಹೋದ್ರು. ಒಬ್ರೇ. ಬಸ್ ಸ್ಟ್ಯಾಂಡಿನಾಗ ಇವರ ಮುಂದೇ ನನ್ನ ಕೈ ಹಿಡಕೊಂಡು ಹೇಳಿದ್ರು. ಕೌದಿ ಹೊಟ್ಟಿ ತುಂಬಸಾಕ ಹೋಗಿ ಕೂಸಿನ ಎದಿ ತುಂಬಿಸಿದೆ, ನಿಂದೇನೂ ತಪ್ಪಿಲ್ಲವ್ವಾ ಅಂತ. ಕೌದಿ ಒಯ್ದಾರ. ಊರಾಗ ಬಿಸಲಿಗೆ ಹಾಕಿ, ಮೂಲಿ ಖಾಲಿ ಹೊಲಕೊಂಡು ದೀಪಾವಳಿಗೆ ತರತಾರಂತ. ಉಪವಾಸ ಇದ್ದರ ಇರಲಿ ಅಂದ್ರು.”

“ಕೂಸು?”

“ಎರಡು ದಿನ ಆತು, ಕೆಮ್ಮಿಲ್ಲ. ಕೌದಿ ಪಾಯಿಜೆ, ಕೌದಿ ಬೇಕು ಅಂತ ಅಳಾಕತ್ತದ.”

ಗೋದಾವರಿ ಫೋನಿಟ್ಟಳು. ಸಂತೋಷವಾಗಿತ್ತು, ಅದರ ಜೊತೆಗೇ ಒಂದು ಹೊಟ್ಟೆಕಿಚ್ಚು, ಯಾರ ಮೇಲೆ ಎಂದು ತಿಳಿಯದ ಹೊಟ್ಟೆಕಿಚ್ಚು. ಮೊಣಕಾಲು ಹಿಡಿದುಕೊಂಡು ಕೂತು ಮಂಚದ ಕೆಳಗಿನ ಟ್ರಂಕು ಎಳೆದಳು. ಹೃಷಿಕೇಶನ ಕೌದಿ ತಳದಲ್ಲಿತ್ತು. ಅವಳ ಕೆಲಸದ ಕೈ ತಾನಾಗಿಯೇ ನಾಲ್ಕನೆಯ ಮೂಲೆಗೆ ಹೋಯಿತು. ಹೊಲಿಗೆ ಬಿಚ್ಚಿ ನೋಡಿದಳು, ಮೂಸಿದಳು. ರೊಟ್ಟಿಯ ಚೂರು ಬಿಳಿ ಹಿಟ್ಟಾಗಿತ್ತು. ಒಂದು ಚುಕ್ಕೆ ಬೂಷ್ಟಿಲ್ಲ. ಬೂಷ್ಟು ಹಿಡಿಯಲು ಮಗುವಿನ ಬೆವರು ಬೇಕು, ಉಚ್ಚೆ ಬೇಕು, ಜೊಲ್ಲು ಬೇಕು. ಈ ಕೌದಿಗೆ ಮೂವತ್ತು ವರ್ಷದಲ್ಲಿ ಅದೇನೂ ಸಿಕ್ಕಿರಲಿಲ್ಲ.

ಅವಳು ಅದನ್ನು ನೆಲದ ಮೇಲೆ ಹಾಸಿ ಮಲಗಿದಳು. ಹಗಲಲ್ಲಿ ಮಲಗಿದ್ದು ಕಂಡು ರಾಯರು ಬಾಗಿಲಲ್ಲಿ ನಿಂತರು.

“ಮೈ ಬಿಸಿ ಅದ ಏನು?”

“ಇಲ್ರಿ. ದಣದೀನಿ” ಎಂದಳು ಗೋದಾವರಿ. “ಚಹಾಕ್ಕ ಎಬ್ಬಸಬ್ಯಾಡ್ರಿ.”