ಎತ್ತಿನ ಮೈಮೇಲೆ ಬರೆದ ಇಂಗ್ಲಿಷ್

ನಾನು ಚಿಕ್ಕವಳಿದ್ದಾಗ ಇಂಗ್ಲಿಷ್ ಕಲಿತದ್ದು ನಮ್ಮ ಮನೆಯ ಎಂಟು ಎತ್ತುಗಳ ಮೈಮೇಲಿಂದ. ಈಗಲೇ ನಗಬೇಡಿ ಮಕ್ಕಳೇ! ಪೂರ್ತಿ ಕೇಳಿ, ಆಮೇಲೆ ಎಷ್ಟು ಬೇಕಾದರೂ ನಗಿ.

ಯಲ್ಲಾಪುರದ ಪೇಟೆ ಮುಗಿಯುವಲ್ಲಿ ನಮ್ಮ ಮನೆ. ಕಿರವತ್ತಿ ಕಡೆಯಿಂದ ಬಂದ ಅಪ್ಪ ನಾಲ್ಕು ಗಾಡಿ ಇಟ್ಟು ಸಾಮಾನು ಸಾಗಿಸುತ್ತಿದ್ದ. ಬೆಳಗಾದರೆ ಅಂಗಳದ ತುಂಬ ಸಗಣಿ, ಹಸಿಹುಲ್ಲು, ಗಾಲಿಗೆ ಹಚ್ಚುವ ಎಣ್ಣೆಯ ವಾಸನೆ. ಎತ್ತುಗಳ ಕೊರಳ ಗಂಟೆಯ ಸದ್ದಿಗೇ ನಾನು ಏಳುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಮನೆ, ಎತ್ತು, ನಾನು ಎಲ್ಲವೂ ಅಕ್ಕನ ಪಾಲಿಗೆ ಬಂದಿತ್ತು. ತಾನು ಶಾಲೆಯ ಮೆಟ್ಟಿಲು ಹತ್ತದ ಅಕ್ಕ ಹಟ ಹಿಡಿದು ನನ್ನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದಳು. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

“ಇನ್ಸ್‌ಪೆಕ್ಟರ್ ಸಾಹೇಬ್ರು ಪರೀಕ್ಷೆ ಮಾಡಾಕ ಬಂದಾಗ ಪಾಸಾದ್ಲಂದ್ರ ಮುಂದ ಓದ್ಲಿ. ಇಲ್ಲಾಂದ್ರ ನಿನ್ನ ಮದುವಿ ಆದಮ್ಯಾಲೆ ಇಕಿಗೂ ಗಂಡು ನೋಡೂದ.”

ನನಗೆ ಆಗಿನ್ನೂ ಹನ್ನೆರಡು. ಗಂಡು ನೋಡುತ್ತಾರಂತೆ, ಗಂಡು! ನನಗೆ ಬೇಕಾಗಿದ್ದದ್ದು ಮುಂದಿನ ತರಗತಿಯ ಪುಸ್ತಕ.

ಲೆಕ್ಕ, ಭೂಗೋಳ ಎಲ್ಲದರಲ್ಲೂ ನಾನು ಮುಂದೆ. ಮುಗ್ಗರಿಸುತ್ತಿದ್ದದ್ದು ಒಂದೇ ಕಡೆ. ಇಂಗ್ಲಿಷಿನಲ್ಲಿ ಕೆಲವು ಶಬ್ದಗಳ ಬೆನ್ನಿಗೆ ಒಂದು ಪುಟ್ಟ ಶಬ್ದ ಬಂದು ಕೂರುತ್ತದಲ್ಲ, ಅಲ್ಲಿ. ನಾವು ಹಾವಿಗೆ ಹೆದರುತ್ತೇವೆ. ನಮ್ಮ ‘ಗೆ’ ಎಂದರೆ ‘ಟು’ ಅಲ್ಲವೇ, ಹಾಗಾಗಿ ನಾನು ‘ಅಫ್ರೇಡ್ ಟು’ ಎಂದೆ. ಮಾಸ್ತರರು ಬೆತ್ತದಲ್ಲಿ ಒಂದು ಕೊಟ್ಟು ‘ಆಫ್’ ಎಂದರು. ಎಲ್ಲದಕ್ಕೂ ಅದೇ ಇರಲಿ ಎಂದು ‘ಗುಡ್ ಆಫ್’ ಎಂದೆ. ಇನ್ನೊಂದು ಕೊಟ್ಟು ‘ಆ್ಯಟ್’ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಮೂರನೆಯದೂ ಬಿತ್ತು. ಮನೆಗೆ ಬಂದವಳೇ ಹುಲ್ಲಿನ ಬಣವೆಗೆ ಒರಗಿ ಗೋಳೋ ಎಂದು ಅತ್ತೆ.

ಅಕ್ಕ ಎತ್ತುಗಳಿಗೆ ಹಿಂಡಿ ಕಲಸುತ್ತ ಕೇಳಿದಳು. “ಹಂಸನ ಜೋಡಿ ಯಾರು?”

“ಕರಿಯ.”

“ಮುತ್ತೂನ ಜೋಡಿ?”

“ಕೆಂಚ.”

“ಇದನ್ನ ಯಾರರ ಹೊಡದು ಕಲಿಸ್ಯಾರೇನ ಹುಚ್ಚಿ? ದಿನಾ ನೋಡ್ತಿ, ಅದಕ್ಕ ಗೊತ್ತೈತಿ. ತಾ ನಿನ್ನ ಪುಸ್ತಕ!”

ಗಾಡಿಯವರ ಮನೆಯಲ್ಲಿ ಎತ್ತಿನ ಜೋಡಿ ಎಂದರೆ ಜೋಡಿ. ಎಡಕ್ಕೆ ಹೂಡಿ ಪಳಗಿಸಿದ ಎತ್ತು ಬಲಕ್ಕೆ ನಡೆಯುವುದಿಲ್ಲ. ಬೇರೆಯ ಎತ್ತಿನ ಸಂಗಡ ಹೆಜ್ಜೆ ಹಾಕುವುದಿಲ್ಲ. ಅಕ್ಕ ಎಡಗಡೆಯ ಎತ್ತಿನ ಪಕ್ಕೆಯ ಮೇಲೆ ಶಬ್ದವನ್ನೂ ಬಲಗಡೆಯದರ ಮೇಲೆ ಅದರ ಜೋಡಿಯನ್ನೂ ಬರೆದಳು. ಬಿಳಿ ಎತ್ತಿಗೆ ಕೆಮ್ಮಣ್ಣು, ಕಪ್ಪು ಎತ್ತಿಗೆ ಅಕ್ಕಿಹಿಟ್ಟು. ಅವಳಿಗೆ ಒಂದಕ್ಷರ ಓದಲು ಬರದು, ಆದರೆ ರಂಗೋಲಿಯ ಕೈ ನೋಡಿ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದಳು! ಮೊದಲ ದಿನ ಅಕ್ಕಿಹಿಟ್ಟಿನ ‘ವಿತ್’ ಅನ್ನು ಪಕ್ಕದ ಎತ್ತು ನೆಕ್ಕಿ ನುಂಗಿಬಿಟ್ಟಿತು. ಮರುದಿನದಿಂದ ಬಿಳಿ ಜೇಡಿಮಣ್ಣು ಬಂತು. ವಾರಕ್ಕೆ ನಾಲ್ಕು ಜೋಡಿ. ಶನಿವಾರ ಮೈ ತೊಳೆದು ಹೊಸದು. ನೀರು ಕುಡಿಸುವಾಗ, ಮೈಗೆ ಕಚ್ಚಿದ ಉಣ್ಣೆಹುಳ ಕೀಳುವಾಗ ನಾವಿಬ್ಬರೂ ಕೂಗಿ ಕೂಗಿ ಹೇಳುತ್ತಿದ್ದೆವು. ಫಾಂಡ್ ಆಫ್! ಗುಡ್ ಆ್ಯಟ್! ಕವರ್ಡ್ ವಿತ್! ಡಿಫರೆಂಟ್ ಫ್ರಮ್! ದಾರಿಯಲ್ಲಿ ಹೋಗುವವರು ಇವರಿಗೆ ಏನೋ ಬಡಿದಿದೆ ಎಂದುಕೊಂಡಿರಬೇಕು.

ಸಾಹೇಬರು ಬರುವ ದಿನ ಬಂದೇಬಿಟ್ಟಿತು. ಅಕ್ಕ ಬೆಳಿಗ್ಗೆಯೇ ಬರೆದು ಮುಗಿಸಿ ನನಗೆ ಜಡೆ ಹಾಕುತ್ತಿದ್ದಳು. ಆಗ ಹೆಡ್ ಮಾಸ್ತರರು ಏದುಸಿರು ಬಿಡುತ್ತ ಅಂಗಳಕ್ಕೆ ನುಗ್ಗಿದರು. ಶಿರಸಿಯಿಂದ ಬರುವ ಸರ್ವಿಸ್ ಮೋಟಾರಿನಿಂದ ಇಳಿದ ಸಾಹೇಬರನ್ನು ಶಾಲೆಗೆ ಕರೆತರಲು ಗಾಡಿ ಬೇಕಾಗಿತ್ತು.

“ಆ ಎರಡು ಬಿಳೀ ಎತ್ತನ್ನೇ ಕಟ್ಟು. ಸಾಹೇಬರ ಎದುರು ಚಂದ ಕಾಣಬೇಕೋ ಮಾರಾಯ!”

“ಹಂಸ, ಮುತ್ತು ಎರಡೂ ಎಡಕ್ಕ ನಡಿಯೂವು, ಮಾಸ್ತರ್ರ. ಕೂಡಂಗಿಲ್ಲರೀ,” ಎಂದ ಅಪ್ಪ.

“ಎಂತ ಆಗ್ತದೆ? ನಾಲ್ಕು ಹೆಜ್ಜೆ ದಾರಿ!”

ಅಪ್ಪ ನನ್ನ ಮುಖ ನೋಡಿದ. ಮಗಳು ಅವರ ಕೈಯಲ್ಲಿ ಪಾಸಾಗಬೇಕಲ್ಲ! ಹಬ್ಬಕ್ಕೆ ಹೊದಿಸುವ ಕೆಂಪು ಬಟ್ಟೆಯನ್ನು ಎರಡರ ಮೇಲೂ ಹೊದಿಸಿ ಗಾಡಿ ಹೂಡಿದ. ಬರೆದದ್ದನ್ನು ಒರೆಸುವ ನೆನಪು ಯಾರಿಗೂ ಆಗಲಿಲ್ಲ.

ಶಾಲೆಯ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಗಾಡಿ ಬಂತು. ಅಯ್ಯೋ, ಅದೇನು ಬರುವುದೇ! ಬಲಕ್ಕೆ ಕಟ್ಟಿದ ಮುತ್ತು ಎಡಕ್ಕೆ ನುಗ್ಗುತ್ತಿತ್ತು, ಹಂಸ ಅದನ್ನು ಕೋಡಿನಿಂದ ತಳ್ಳುತ್ತಿತ್ತು. ಗೇಟಿನ ಹತ್ತಿರ ಒಂದು ಗಾಲಿ ಧಡಕ್ಕೆಂದು ಗಟಾರಕ್ಕೆ ಇಳಿಯಿತು. ಸಾಹೇಬರ ಟೊಪ್ಪಿಗೆ ಉರುಳಿ ಧೂಳಿಗೆ ಬಿತ್ತು.

“ಎಂಥ ಎತ್ತು ಕಟ್ಟಿದ್ಯೋ! ಮರ್ಯಾದೆ ತೆಗೆದ್ಯಲ್ಲೋ!” ಎಂದು ಹೆಡ್ ಮಾಸ್ತರರು ಅಪ್ಪನ ಮೇಲೆ ಹರಿಹಾಯ್ದರು. ಅಪ್ಪ ತಲೆ ತಗ್ಗಿಸಿ ನಿಂತ. ನನ್ನ ಅಪ್ಪ, ನಾಲ್ಕು ಗಾಡಿಯ ಅಪ್ಪ, ನನಗೋಸ್ಕರ ತಲೆ ತಗ್ಗಿಸಿ ನಿಂತ! ನನಗೆ ಮೈಯೆಲ್ಲ ಉರಿಯಿತು. ಪಾಸು, ಫೇಲು ಎಲ್ಲ ಮರೆತು ಸಾಲಿನಿಂದ ಓಡಿದೆ.

“ಸರ್, ಅಪ್ಪಂದು ತಪ್ಪಿಲ್ಲರೀ. ಇವೆರಡೂ ಎಡಗಡೆಯವು. ಜೋಡಿ ಮನೆಯಲ್ಲಿವೆ!”

ಕೊಸರಾಟದಲ್ಲಿ ಕೆಂಪು ಬಟ್ಟೆ ಜಾರಿ ಬಿದ್ದಿತ್ತು. ಸಾಹೇಬರು ಎತ್ತುಗಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಎತ್ತುಗಳನ್ನು ನೋಡಿದರು. “ಪ್ರೌಡ್... ಅಫ್ರೇಡ್... ಇದೇನಮ್ಮ?”

ನಾನು ಎತ್ತಿನ ಪಾಠ, ಅಪ್ಪನ ಷರತ್ತು ಎಲ್ಲ ಹೇಳಿದೆ. ಅಪ್ಪ “ಓಡು, ಕರಿಯನ್ನ ಹಿಡಕೊಂಡ ಬಾ” ಎಂದ. ನಾನು ಓಡಿದ ಓಟ ನೋಡಬೇಕಿತ್ತು ನೀವು! ಕರಿಯನ ಹಗ್ಗ ಹಿಡಿದು ಅಕ್ಕನೂ ನನ್ನ ಹಿಂದೆಯೇ ಬಂದಳು. ಎಡಕ್ಕೆ ಹಂಸ, ಬಲಕ್ಕೆ ಕರಿಯ. ಅಪ್ಪ ಒಮ್ಮೆ ‘ಹೋ’ ಎಂದ, ಗಾಡಿ ಗಟಾರದಿಂದ ಸರ್ರನೆ ಮೇಲೆ ಬಂತು. ಎತ್ತುಗಳ ಪಕ್ಕೆ ನೋಡಿ ಸಾಹೇಬರು “ಪ್ರೌಡ್ ಆಫ್!” ಎಂದು ಜೋರಾಗಿ ಓದಿ ಚಪ್ಪಾಳೆ ತಟ್ಟಿದರು.

ಅಲ್ಲಿಯೇ, ರಸ್ತೆಯ ಮೇಲೆಯೇ, ನನ್ನ ಪರೀಕ್ಷೆ ಶುರುವಾಯಿತು. ಆ್ಯಂಗ್ರಿ? ವಿತ್! ಇಂಟರೆಸ್ಟೆಡ್? ಇನ್! ಟೈರ್ಡ್? ಆಫ್! ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಕೊನೆಗೆ ‘ಮ್ಯಾರೀಡ್’ ಎಂದರು. ಅದು ನಮ್ಮ ಎತ್ತುಗಳ ಮೇಲೆ ಬಂದಿರಲಿಲ್ಲ. ‘ವಿತ್’ ಎಂದೆ.

“ತಪ್ಪು. ‘ಟು’,” ಎಂದರು. ಅವರು ಅಪ್ಪನ ಕಡೆ ತಿರುಗಿ ನಕ್ಕರು. “ಅದೊಂದನ್ನ ಇನ್ನೂ ಹತ್ತು ವರ್ಷ ಕಲಿಯೋದು ಬೇಡ ಇವಳು. ಉಳಿದದ್ದೆಲ್ಲ ಕಲೀಲಿ. ಪಾಸ್!”

“ಆತ್ರೀ ಸಾಹೇಬ್ರ,” ಎಂದ ಅಪ್ಪ. ಎರಡೂ ಕೈ ಮುಗಿದ.

“ಅಕ್ಷರ ಎಷ್ಟು ಚಂದ! ಬರೆದವರು ಯಾರು?” ಎಂದು ಸಾಹೇಬರು ಕೇಳಿದರು.

“ಅಕ್ಕ ಬರೆದದ್ದು ಸರ್. ಅವಳಿಗೆ ಓದಲು ಬರುವುದಿಲ್ಲ,” ಎಂದೆ.

ಅಕ್ಕ ಕರಿಯನ ಹಿಂದೆ ಮುಖ ಮರೆಸಿಕೊಂಡು ಅದರ ಮೈ ಸವರುತ್ತಿದ್ದಳು.

ಅವಳ ಮದುವೆಗೆ ಮೂರು ತಿಂಗಳು ಉಳಿದಿತ್ತು. ಆ ಮೂರು ತಿಂಗಳು ಎತ್ತಿನ ಮೇಲೆ ಬರೆದವಳು ನಾನು, ಓದಿದವಳು ಅಕ್ಕ. ಮೊದಲು ಕನ್ನಡ, ಆಮೇಲೆ ಒಂದಿಷ್ಟು ಇಂಗ್ಲಿಷ್. ತಪ್ಪು ಓದಿದರೆ ನಾನು ಬೆತ್ತ ಹಿಡಿಯಲಿಲ್ಲ, ಅವಳ ಪಾಲಿನ ಬೆಲ್ಲ ಕಿತ್ತುಕೊಳ್ಳುತ್ತಿದ್ದೆ.

ಈಗ ನಿಮ್ಮ ಗೈಡ್ ಪುಸ್ತಕ ನೋಡುತ್ತೇನೆ. ಎಡಗಡೆ ಶಬ್ದ, ಬಲಗಡೆ ಅದರ ಜೋಡಿ, ನಡುವೆ ಗೆರೆ. ನೀಟಾಗಿ ಅಚ್ಚಾಗಿದೆ, ಒಂದನ್ನೂ ಯಾವ ಎತ್ತೂ ನೆಕ್ಕುವುದಿಲ್ಲ. ಪರೀಕ್ಷೆ ಮುಗಿದರೆ ನೀವು ಅದನ್ನು ರದ್ದಿಗೆ ಹಾಕುತ್ತೀರಿ. ಹಾಕಿ, ನಾನು ಬೇಡ ಎನ್ನುವುದಿಲ್ಲ. ಆದರೆ ನಾನು ಮೆಟ್ರಿಕ್ ಪಾಸಾದಾಗ ಗಂಡನ ಮನೆಯಿಂದ ಅಕ್ಕ ಒಂದು ಕಾರ್ಡು ಬರೆದಿದ್ದಳು. ಎಲ್ಲ ಕನ್ನಡದಲ್ಲಿ, ಕೊನೆಗೆ ಮಾತ್ರ ರಂಗೋಲಿಯಂಥ ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಶಬ್ದ: ಪ್ರೌಡ್ ಆಫ್. ಮುಂದೆ ನನ್ನ ಹೆಸರು ಬರೆಯುವಷ್ಟು ಜಾಗ ಉಳಿದಿರಲಿಲ್ಲ. ಆ ಕಾರ್ಡು ನನ್ನ ಪೆಟ್ಟಿಗೆಯಲ್ಲಿದೆ. ಹೋಗಿ, ಕೈ ತೊಳೆದುಕೊಂಡು ಬನ್ನಿ, ತೋರಿಸುತ್ತೇನೆ.